ಓದುಗರ ಪ್ರಶ್ನೆ, ನಮ್ಮ ಉತ್ತರ: ಸಿಂಗಪುರದಲ್ಲಿ ಪಾಸಿನ ಮೇಲೆ ನಿಂತ ಸಂಸಾರ

ಹಿಂದಿನ ಸಂಚಿಕೆಯಲ್ಲಿ ಸಿಂಗಪುರದ ಉದ್ಯೋಗ ಮತ್ತು ಸಂಸಾರದ ಕುರಿತು ಪ್ರಶ್ನೆಗಳನ್ನು ಕಳುಹಿಸುವಂತೆ ಕೇಳಿಕೊಂಡಿದ್ದೆವು. ಬಂದ ಪತ್ರಗಳ ಪೈಕಿ ಒಂದೇ ವಿಷಯದವನ್ನು ಒಟ್ಟುಗೂಡಿಸಿ, ಬರೆದವರ ಹೆಸರುಗಳನ್ನು ಬಿಟ್ಟು, ಎಂಟಕ್ಕೆ ಇಲ್ಲಿ ಉತ್ತರಿಸಿದ್ದೇನೆ. ನಾನು ಅಲ್ಲಿ ಹದಿನಾರು ವರ್ಷ ಬಾಡಿಗೆ ಮನೆಗಳಲ್ಲಿ ಸಂಸಾರ ಮಾಡಿ ಮೈಸೂರಿಗೆ ಮರಳಿದವನು. ಆದುದರಿಂದ ಉತ್ತರಗಳಲ್ಲಿ ನಿಯಮದ ಜೊತೆಗೆ ಸ್ವಂತ ಅಭಿಪ್ರಾಯವೂ ಬೆರೆತಿದೆ. ಡಾಲರ್ ಎಂದು ಬರೆದಲ್ಲೆಲ್ಲ ಸಿಂಗಪುರದ ಡಾಲರ್ ಎಂದು ತಿಳಿಯಬೇಕು. ಮೊತ್ತಗಳೂ ನಿಯಮಗಳೂ ಅಲ್ಲಿ ಆಗಾಗ ಬದಲಾಗುತ್ತವೆ. ನಿರ್ಧಾರ ಮಾಡುವ ಮುನ್ನ ಅಲ್ಲಿನ ಮಾನವಶಕ್ತಿ ಸಚಿವಾಲಯದ ಜಾಲತಾಣದಲ್ಲಿ ಒಮ್ಮೆ ಸರಿನೋಡಿಕೊಳ್ಳಿ.

ಪ್ರಶ್ನೆ: ನಾನು ಒಂಬತ್ತು ವರ್ಷಗಳಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಸಿಂಗಪುರದ ಕಂಪನಿಯೊಂದು ತಿಂಗಳಿಗೆ 8,500 ಡಾಲರ್ ಸಂಬಳ ಕೊಡಲು ಒಪ್ಪಿದೆ. ಪತ್ನಿ ಶಾಲಾ ಶಿಕ್ಷಕಿ, ನಾಲ್ಕು ವರ್ಷದ ಮಗಳಿದ್ದಾಳೆ. ರೂಪಾಯಿ ಲೆಕ್ಕದಲ್ಲಿ ದೊಡ್ಡ ಮೊತ್ತವೇ, ಆದರೆ ಖರ್ಚಿನ ಅಂದಾಜಿಲ್ಲ. ಹೋಗಬಹುದೇ?
— ದಾವಣಗೆರೆಯ ಓದುಗರು

ಉತ್ತರ: ಸಂಬಳವನ್ನು ರೂಪಾಯಿಗೆ ಗುಣಿಸಿ ನೋಡುವ ಅಭ್ಯಾಸವನ್ನು ವಿಮಾನ ಹತ್ತುವ ಮೊದಲೇ ಬಿಟ್ಟುಬಿಡಿ, ನೀವು ಗಳಿಸುವುದೂ ಡಾಲರಿನಲ್ಲಿ, ಕಳೆಯುವುದೂ ಡಾಲರಿನಲ್ಲಿ. ಸರ್ಕಾರದ ವಸತಿ ಮಂಡಳಿ ಕಟ್ಟಿದ ಎಚ್‌ಡಿಬಿ ಸಮುಚ್ಚಯಗಳಲ್ಲಿ ಅವರು 'ತ್ರೀ ರೂಮ್' ಎನ್ನುವ ಮನೆಗೆ, ಅಂದರೆ ನಮ್ಮ ಲೆಕ್ಕದಲ್ಲಿ ಎರಡು ಮಲಗುವ ಕೋಣೆ ಮತ್ತು ಒಂದು ಹಾಲಿಗೆ, ಮೂರು ಸಾವಿರ ಡಾಲರಿನ ಆಸುಪಾಸು ಬಾಡಿಗೆಯಿದೆ. ಈಜುಕೊಳವಿರುವ ಖಾಸಗಿ ಕಾಂಡೋ ಬೇಕೆಂದರೆ ಇನ್ನೂ ಹೆಚ್ಚು. ಮಗಳ ಶಿಶುವಿಹಾರಕ್ಕೆ ಸಾವಿರ ಡಾಲರ್ ತೆಗೆದಿಡಬೇಕಾದೀತು. ಕಾರಿನ ಆಸೆ ಬೇಡ; ಕಾರಿಗಿಂತ ಮೊದಲು ಅದನ್ನು ಹತ್ತು ವರ್ಷ ಇಟ್ಟುಕೊಳ್ಳುವ ಹಕ್ಕಿನ ಪತ್ರವನ್ನು ಹರಾಜಿನಲ್ಲಿ ಕೊಳ್ಳಬೇಕು, ಈಚಿನ ವರ್ಷಗಳಲ್ಲಿ ಅದೊಂದೇ ಲಕ್ಷ ಡಾಲರ್ ಮುಟ್ಟಿದ್ದುಂಟು. ಬಸ್ಸು ಮತ್ತು ಎಂ.ಆರ್.ಟಿ. ರೈಲು ಇರುವಾಗ ಅದರ ಅಗತ್ಯವೂ ಬೀಳುವುದಿಲ್ಲ.

ಹೊಸಬರು ಮುಗ್ಗರಿಸುವುದು ತೆರಿಗೆಯಲ್ಲಿ. ನಮ್ಮಲ್ಲಿಯಂತೆ ಅಲ್ಲಿ ಪ್ರತಿ ತಿಂಗಳ ಸಂಬಳದಿಂದ ತೆರಿಗೆ ಮುರಿದುಕೊಳ್ಳುವುದಿಲ್ಲ. ಹಿಂದಿನ ವರ್ಷದ ಆದಾಯದ ವಿವರವನ್ನು ಏಪ್ರಿಲ್ 18ರೊಳಗೆ ಸಲ್ಲಿಸಿದ ಮೇಲೆ ಇಡೀ ವರ್ಷದ ತೆರಿಗೆಯ ಕಾಗದ ಒಟ್ಟಿಗೇ ಬರುತ್ತದೆ. ನಿಮ್ಮ ಸಂಬಳಕ್ಕೆ ಅದು ಸುಮಾರು ಐದೂವರೆ ಸಾವಿರ ಡಾಲರ್ ಆಗಬಹುದು. ಮೊದಲ ವರ್ಷ ಆ ಕಾಗದ ಕೈಗೆ ಬಂದಾಗ ನಾನು ಉಳಿತಾಯವನ್ನೆಲ್ಲ ಊರಿನ ಮನೆಯ ತಾರಸಿಗೆಂದು ಕಳುಹಿಸಿ ಕುಳಿತಿದ್ದೆ. ಹನ್ನೆರಡು ಕಂತುಗಳಲ್ಲಿ ಕಟ್ಟುವ ಅವಕಾಶ ಇದ್ದುದರಿಂದ ಮಾನ ಉಳಿಯಿತು. ಇನ್ನೊಂದು ಸಂಗತಿ: ಅಲ್ಲಿನ ಭವಿಷ್ಯನಿಧಿ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಅವರ ಸಂಬಳಕ್ಕೆ ಮಾಲೀಕರು ಶೇ. 17ರವರೆಗೆ ಸೇರಿಸುತ್ತಾರೆ, ನಿಮಗೆ ಒಂದು ಕಾಸೂ ಸೇರುವುದಿಲ್ಲ, ಇಲ್ಲಿನ ಪಿ.ಎಫ್. ಕೂಡ ನಿಂತುಹೋಗಿರುತ್ತದೆ. ಮುಪ್ಪಿನ ಗಂಟನ್ನು ನೀವೇ ಕಟ್ಟಿಕೊಳ್ಳಬೇಕು.

ಪಾಸಿನ, ಅಂದರೆ ವಿದೇಶಿಯರು ಅಲ್ಲಿ ಇದ್ದು ದುಡಿಯಲು ಬೇಕಾದ ಪರವಾನಗಿಯ, ವಿಷಯವನ್ನೂ ತಿಳಿದುಕೊಂಡೇ ಹೋಗಿ. ಎಂಪ್ಲಾಯ್‌ಮೆಂಟ್ ಪಾಸಿಗೆ 2025ರ ಜನವರಿಯಿಂದ ಕನಿಷ್ಠ ಸಂಬಳ 5,600 ಡಾಲರ್; ವಯಸ್ಸು ಏರಿದಂತೆ ಈ ಗಡಿಯೂ ಏರಿ ನಲವತ್ತೈದರ ಹೊತ್ತಿಗೆ 10,700 ಆಗುತ್ತದೆ. ಇಂದು ನೀವು ಆರಾಮವಾಗಿ ದಾಟುವ ಗಡಿಯನ್ನು, ಸಂಬಳ ಹೆಚ್ಚದೆ ವಯಸ್ಸು ಮಾತ್ರ ಹೆಚ್ಚಿದರೆ, ನವೀಕರಣದ ಹೊತ್ತಿಗೆ ದಾಟಲಾರಿರಿ. ಇದರ ಮೇಲೆ 2023ರ ಸೆಪ್ಟೆಂಬರಿನಿಂದ 'ಕಂಪಾಸ್' ಎಂಬ ಅಂಕಪದ್ಧತಿ ಬಂದಿದೆ. ಉತ್ತೀರ್ಣರಾಗಲು ನಲವತ್ತು ಅಂಕ ಬೇಕು. ಕಂಪನಿಯ ವೃತ್ತಿಪರ ನೌಕರರಲ್ಲಿ ನಿಮ್ಮ ದೇಶದವರು ಕಾಲುಭಾಗ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಆ ಒಂದು ವಿಭಾಗದಲ್ಲಿ ನಿಮಗೆ ಸೊನ್ನೆ, ಶೇ. 5ಕ್ಕಿಂತ ಕಡಿಮೆ ಇದ್ದರೆ ಇಪ್ಪತ್ತು. ಆದ್ದರಿಂದ ಕಂಪನಿಯಲ್ಲಿ ಎಷ್ಟು ಮಂದಿ ಭಾರತೀಯರಿದ್ದಾರೆ ಎಂದು ವಿಚಾರಿಸುವುದು ಊರವರ ಸಹವಾಸದ ಆಸೆಯಿಂದಲ್ಲ, ಲೆಕ್ಕಾಚಾರದ ದೃಷ್ಟಿಯಿಂದ ಅಗತ್ಯ. ನನ್ನನ್ನು ಕೇಳಿದರೆ ಹೋಗಬಹುದು, ಮಿತವಾಗಿ ಬದುಕಿದರೆ ತಿಂಗಳಿಗೆ ಎರಡು ಸಾವಿರ ಉಳಿಯುವುದು ಸಾಧ್ಯ. ಆದರೆ ಪತ್ನಿಯ ಸಂಬಳ ಇಲ್ಲಿ ನಿಂತುಹೋಗುತ್ತದೆ ಎಂಬುದನ್ನು ಅದರಿಂದ ಕಳೆದು ನೋಡಿ, ಮತ್ತು ಕೆಳಗಿನ ಮೂರನೆಯ ಪತ್ರವನ್ನು ಅವರಿಗೆ ಓದಲು ಕೊಡಿ.

ಪ್ರಶ್ನೆ: ನನ್ನ ಮಗ ಅಲ್ಲಿ ಎರಡು ತಿಂಗಳಿಂದ ಬಾಡಿಗೆ ಮನೆ ಹುಡುಕುತ್ತಿದ್ದಾನೆ. ದಲ್ಲಾಳಿಗಳು ಫೋನಿನಲ್ಲಿ ಮೊದಲು ಯಾವ ದೇಶದವರೆಂದು ಕೇಳುತ್ತಾರಂತೆ; ಭಾರತೀಯರೆಂದೊಡನೆ ಮನೆ ಆಗಲೇ ಹೋಗಿದೆ ಎನ್ನುತ್ತಾರಂತೆ. ಇಷ್ಟು ಮುಂದುವರಿದ ಊರಿನಲ್ಲಿ ಹೀಗೂ ಇದೆಯೇ?
— ತುಮಕೂರಿನ ತಾಯಿಯೊಬ್ಬರು

ಉತ್ತರ: ಇದೆ, ತಾಯಿ. ಎಲ್ಲರೂ ಹಾಗಿಲ್ಲ, ಆದರೆ ಹಾಗಿರುವವರು ಕಡಿಮೆಯೂ ಇಲ್ಲ. ನಿರಾಕರಣೆಯಲ್ಲಿ ಎರಡು ಬಗೆ ಇರುವುದನ್ನು ಮಗನಿಗೆ ತಿಳಿಸಿ. ಎಚ್‌ಡಿಬಿ ಮನೆಗಳಲ್ಲಿ ಮಲೇಷ್ಯಾದವರಲ್ಲದ ವಿದೇಶಿಯರಿಗೆ ಇಡೀ ಮನೆಯನ್ನು ಬಾಡಿಗೆಗೆ ಕೊಡುವುದಕ್ಕೆ ಸರ್ಕಾರವೇ ಮಿತಿ ಹಾಕಿದೆ: ಬಡಾವಣೆಗೆ ಶೇ. 8, ಒಂದು ಕಟ್ಟಡಕ್ಕೆ ಶೇ. 11. ಆ ಮಿತಿ ತುಂಬಿದ್ದರೆ ಮಾಲೀಕರಿಗೆ ಮನಸ್ಸಿದ್ದರೂ ಕೊಡುವಂತಿಲ್ಲ, ಅದರಲ್ಲಿ ನೊಂದುಕೊಳ್ಳುವುದಕ್ಕೇನಿಲ್ಲ. ಇನ್ನೊಂದು ಬಗೆ ನೀವು ಬರೆದಿರುವಂಥದ್ದೇ. ಅದಕ್ಕೆ ಅವರು ಕೊಡುವ ಕಾರಣ ಅಡುಗೆ. ಕರಾರಿನಲ್ಲಿ 'ಲೈಟ್ ಕುಕಿಂಗ್ ಓನ್ಲಿ' ಎಂಬ ಸಾಲಿರುತ್ತದೆ. ಅದರರ್ಥ ನೂಡಲ್ಸ್ ಬೇಯಿಸಬಹುದು, ಒಗ್ಗರಣೆ ಹಾಕಬಾರದು ಎಂದು. ನಮ್ಮ ಮೊದಲ ಮನೆಯಲ್ಲಿ ನನ್ನಾಕೆ ಸಾಸಿವೆ ಸಿಡಿಸುವ ಮುನ್ನ ಎದ್ದು ಮುಂಬಾಗಿಲ ಕೆಳಗಿನ ಸಂದಿಗೆ ಒದ್ದೆ ಟವೆಲ್ ಒತ್ತಿ, ಕಿಟಕಿಯೆಲ್ಲ ತೆರೆದು, ಫ್ಯಾನು ಹಾಕಿ, ಆಮೇಲೆ ಇಂಗಿನ ಡಬ್ಬಿ ತೆಗೆಯುತ್ತಿದ್ದಳು. ಆ ಇಂಗಿನ ವಾಸನೆಗೆ ಎದುರು ಮನೆಯ ಚೀನೀ ಅಜ್ಜಿ ಒಂದು ದಿನ ಬಾಗಿಲು ತಟ್ಟಿದಾಗ ಜಗಳಕ್ಕೆ ಬಂದರೆಂದೇ ನಾವು ತಿಳಿದೆವು. ಆಕೆ ಕೇಳಿದ್ದು ಅದೇನು ಮದ್ದು, ಹೊಟ್ಟೆನೋವಿಗೆ ಆಗುತ್ತದೆಯೇ ಎಂದು.

2005ರಲ್ಲಿ ಭಾರತದೊಂದಿಗೆ ಆದ 'ಸೀಕಾ' ಆರ್ಥಿಕ ಒಪ್ಪಂದದ ಹೆಸರನ್ನೇ ಕೆಲವರು ನಮ್ಮವರ ಮೇಲಿನ ಬೈಗುಳದಂತೆ ಬಳಸುವುದೂ ಉಂಟು. ಅದರ ಹಿಂದೆ ಬರಿಯ ದ್ವೇಷವಿದೆ ಎನ್ನಲಾರೆ. 2024ರ ಮಧ್ಯದಲ್ಲಿ 60.4 ಲಕ್ಷ ಜನರಿದ್ದ ಆ ದೇಶದಲ್ಲಿ 18.6 ಲಕ್ಷ ಮಂದಿ ನಮ್ಮಂತೆ ಪಾಸಿನ ಮೇಲೆ ಇರುವವರು. ಬೆಂಗಳೂರಿನಲ್ಲಿ ಹೊರಗಿನವರ ಬಗ್ಗೆ ನಾವಾಡುವ ಮಾತುಗಳನ್ನು ನೆನೆದರೆ ಅವರ ಅಸಮಾಧಾನ ಅಷ್ಟೇನೂ ಅಪರಿಚಿತವೆನಿಸದು. ಆದರೆ ಆ ಬೈಗುಳವನ್ನು ನಮ್ಮ ಜೊತೆಗೆ ನಾಲ್ಕು ತಲೆಮಾರಿನಿಂದ ಅಲ್ಲಿರುವ ತಮಿಳರೂ ತಿನ್ನಬೇಕಾಗುತ್ತದೆ ಎಂಬುದು ಅನ್ಯಾಯ.

ಮನೆ ಸಿಕ್ಕಿದ ಮೇಲೆ ಮಗ ಮಾಡಬೇಕಾದ ಮೊದಲ ಕೆಲಸವೆಂದರೆ ಸಾಮಾನು ಇಳಿಸುವ ಮುನ್ನವೇ ಗೋಡೆ, ನೆಲ, ಬಚ್ಚಲುಗಳ ಫೋಟೋ ತೆಗೆದು ಮಾಲೀಕರಿಗೆ ಕಳುಹಿಸಿಡುವುದು. ನಾನು ಇದನ್ನು ಮಾಡದೆ ಕೆಟ್ಟೆ. ಎರಡು ವರ್ಷದ ಕರಾರು ಮುಗಿದು ಮನೆ ಬಿಡುವಾಗ ಅಡುಗೆಮನೆಯ ಬಿಳಿ ಕಲ್ಲಿನ ಮೇಲೆ ಅಂಗೈಯಗಲದ ಅರಿಸಿನದ ಕಲೆ ಕಂಡಿತು; ಮಾಲೀಕರು ಎರಡು ತಿಂಗಳ ಮುಂಗಡದಲ್ಲಿ ಸುಮಾರು ಅರ್ಧವನ್ನು ಹಿಡಿದುಕೊಂಡರು. ಕಲೆ ನಮ್ಮದೇ, ಅದನ್ನು ಒಪ್ಪಿಕೊಂಡೆ. ಆದರೆ ನಾವು ಬರುವ ಮೊದಲೇ ಸೀಳಿದ್ದ ಬಚ್ಚಲಿನ ಕಲ್ಲಿಗೂ ಹಣ ಮುರಿದಾಗ ತೋರಿಸಲು ನನ್ನಲ್ಲಿ ಫೋಟೋ ಇರಲಿಲ್ಲ. ಎರಡು ವರ್ಷ ಮೀರದ ಮನೆ ಕರಾರುಗಳ ತಕರಾರನ್ನು, ಇಪ್ಪತ್ತು ಸಾವಿರ ಡಾಲರಿನವರೆಗೆ, ವಕೀಲರಿಲ್ಲದೆ ಕೇಳುವ ಸಣ್ಣ ಕ್ಲೇಮುಗಳ ನ್ಯಾಯಮಂಡಳಿ ಅಲ್ಲಿದೆ. ನಾನು ಹೋಗಲಿಲ್ಲ, ಹೋಗಬೇಕಿತ್ತು. ಕರಾರಿನ ಸ್ಟ್ಯಾಂಪ್ ಶುಲ್ಕವನ್ನು ಬಾಡಿಗೆದಾರರೇ ಕಟ್ಟಬೇಕು, ಒಟ್ಟು ಬಾಡಿಗೆಯ ಶೇ. 0.4, ಅದನ್ನು ಕಟ್ಟದ ಕರಾರು ತಕರಾರಿನ ಹೊತ್ತಿಗೆ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಮನೆಯಲ್ಲಿ ತುಳಸಿ ಗಿಡ ಇಡುವನಾದರೆ ಕುಂಡದ ಕೆಳಗೆ ತಟ್ಟೆ ಇಡಬೇಡವೆಂದೂ ಹೇಳಿ: ಡೆಂಗಿಯ ಭಯದಿಂದ ಪರಿಸರ ಇಲಾಖೆಯವರು ಮನೆ ಮನೆಗೆ ಬಂದು ಟಾರ್ಚ್ ಹಿಡಿದು ನೋಡುತ್ತಾರೆ, ಆ ತಟ್ಟೆಯ ನೀರಿನಲ್ಲಿ ಸೊಳ್ಳೆಯ ಮರಿ ಕಂಡರೆ ದಂಡ ತಪ್ಪುವುದಿಲ್ಲ.

ಪ್ರಶ್ನೆ: ಮದುವೆಗೆ ಮೊದಲು ಮಂಗಳೂರಿನ ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿದ್ದೆ. ಪತಿಗೆ ಸಿಂಗಪುರದಲ್ಲಿ ಕೆಲಸ ಸಿಕ್ಕಿದ್ದರಿಂದ ರಾಜೀನಾಮೆ ಕೊಟ್ಟು ಬಂದೆ. ಈಗ ಹನ್ನೊಂದು ತಿಂಗಳಾಯಿತು. ಎಲ್ಲ ಅನುಕೂಲವೂ ಇದೆ, ಪತಿ ಒಳ್ಳೆಯವರು, ಆದರೂ ಮಧ್ಯಾಹ್ನದ ಹೊತ್ತು ಕಾರಣವಿಲ್ಲದೆ ಅಳು ಬರುತ್ತದೆ. ಊರಿನಲ್ಲಿ ಹೇಳಿಕೊಂಡರೆ ನಿನಗೇನು ಕಡಿಮೆ ಎನ್ನುತ್ತಾರೆ.
— ಹೆಸರು ಬೇಡ, ಸಿಂಗಪುರ

ಉತ್ತರ: ಕಾರಣವಿಲ್ಲದೆ ಅಲ್ಲ. ಪ್ರತಿ ತಿಂಗಳು ನಿಮ್ಮ ಹೆಸರಿಗೆ ಬರುತ್ತಿದ್ದ ಸಂಬಳ, ಬೆಳಗ್ಗೆ ಒಂಬತ್ತಕ್ಕೆ ನಿಮಗಾಗಿ ಕಾದಿರುತ್ತಿದ್ದ ಮೇಜು, ಮೇಡಂ ಎಂದು ಕರೆಯುತ್ತಿದ್ದ ಗ್ರಾಹಕರು, ಇವೆಲ್ಲ ಒಂದೇ ದಿನ ಇಲ್ಲವಾಗಿ, ಕೈಯಲ್ಲಿ 'ಡಿಪೆಂಡೆಂಟ್' ಎಂದು ಅಚ್ಚಾದ ಕಾರ್ಡೊಂದು ಉಳಿದಿದೆ. ಅವಲಂಬಿತೆ ಎಂಬ ಆ ಪದವನ್ನು ಓದಿ ನನ್ನಾಕೆ ನಕ್ಕಿದ್ದಳು, ನಗು ಎರಡು ತಿಂಗಳಷ್ಟೇ ಬಾಳಿತು.

ಮೊದಲು ನಿಯಮ. ಹಿಂದೆ ಡಿ.ಪಿ., ಅಂದರೆ ಈ ಡಿಪೆಂಡೆಂಟ್ ಪಾಸು, ಇದ್ದವರಿಗೆ ಕೆಲಸ ಸಿಕ್ಕರೆ ಮಾಲೀಕರು ಒಂದು ಒಪ್ಪಿಗೆ ಪತ್ರ ತರಿಸಿದರೆ ಸಾಕಾಗುತ್ತಿತ್ತು. 2021ರ ಮೇ 1ರಿಂದ ಅದು ನಿಂತು, ನಿಮಗೇ ಪ್ರತ್ಯೇಕ ಉದ್ಯೋಗದ ಪಾಸು ಬೇಕಾಗಿದೆ. ಅಂದರೆ ಅಲ್ಲಿ ನಿಮ್ಮ ಸ್ಪರ್ಧೆ ಬೆಂಗಳೂರಿನಿಂದ ಅರ್ಜಿ ಹಾಕುವ ಹೊಸಬರೊಂದಿಗೆ ಸಮಸಮ. ಬಾಗಿಲು ಮುಚ್ಚಿಲ್ಲ, ಕಿರಿದಾಗಿದೆ. ಬ್ಯಾಂಕಿನ ಅನುಭವವಿರುವ ನಿಮ್ಮಂಥವರಿಗೆ ಹಣಕಾಸು ಕ್ಷೇತ್ರದಲ್ಲಿ ಕನಿಷ್ಠ ಸಂಬಳದ ಗಡಿ ಇನ್ನೂ ಎತ್ತರ, 6,200 ಡಾಲರಿನಿಂದ ಆರಂಭ. ಖಾತೆಯ ನಿಯಮಪಾಲನೆ, ಅಪರಾಧ ಹಣದ ತಪಾಸಣೆಯಂಥ ವಿಭಾಗಗಳಲ್ಲಿ ಅಲ್ಲಿ ಸದಾ ಜನ ಬೇಕು. ಅದರ ಪ್ರಮಾಣಪತ್ರವೊಂದನ್ನು ಮಾಡಿಕೊಂಡು ಒಂದು ವರ್ಷ ಗಟ್ಟಿಯಾಗಿ ಪ್ರಯತ್ನಿಸಿ. ಒಂದು ವರ್ಷ ಎಂದು ಅವಧಿ ಹಾಕಿಕೊಳ್ಳಿ, ಅದನ್ನು ಪತಿಗೂ ತಿಳಿಸಿ. ಆ ವರ್ಷದ ಕೊನೆಗೆ ಏನೂ ಆಗದಿದ್ದರೆ ಮರಳುವ ಮಾತನ್ನು ಇಬ್ಬರೂ ಕುಳಿತು ಆಡಬೇಕು, ಅದನ್ನು ಯಾರ ಸೋಲೆಂದೂ ಎಣಿಸಬಾರದು.

ಯೋಗ ಮಾಡಿ, ಹವ್ಯಾಸ ಬೆಳೆಸಿಕೊಳ್ಳಿ ಎಂದು ನಾನು ಬರೆಯುವುದಿಲ್ಲ, ಅದನ್ನು ನಿಮಗೆ ನೂರು ಜನ ಹೇಳಿಯಾಗಿರುತ್ತದೆ. ಎರಡು ಚಿಕ್ಕ ಕೆಲಸಗಳನ್ನು ಮಾತ್ರ ಈ ವಾರವೇ ಮಾಡಿ. ಬ್ಯಾಂಕ್ ಖಾತೆಯಲ್ಲಿ ನಿಮ್ಮ ಹೆಸರೂ ಸೇರಲಿ. ತರಕಾರಿಗೆ ಐವತ್ತು ಡಾಲರ್ ಕೇಳಿ ಪಡೆಯುವ ಸ್ಥಿತಿ ಅಧಿಕಾರಿಯಾಗಿದ್ದವರನ್ನು ಒಳಗಿನಿಂದ ಕೊರೆಯುತ್ತದೆ, ಪತಿ ಎಷ್ಟು ಒಳ್ಳೆಯವರಿದ್ದರೂ. ಎರಡನೆಯದು, ಮಧ್ಯಾಹ್ನ ಎರಡರಿಂದ ನಾಲ್ಕರ ಹೊತ್ತು ಮನೆಯಲ್ಲಿರಬೇಡಿ. ನೆರೆಹೊರೆಯ ಗ್ರಂಥಾಲಯಕ್ಕೆ ಹೋಗಿ, ಅಲ್ಲಿ ಕುಳಿತು ಓದಲು ಯಾರೂ ಕಾರ್ಡು ಕೇಳುವುದಿಲ್ಲ. ಅಳು ನಿಲ್ಲದಿದ್ದರೆ ವೈದ್ಯರನ್ನು ಕಾಣಲು ಹಿಂಜರಿಯಬೇಡಿ. ಊರಿನವರಿಗೆ ಸದ್ಯಕ್ಕೆ ಹೇಳಿಕೊಳ್ಳಬೇಡಿ. ಚಾಂಗಿ ವಿಮಾನ ನಿಲ್ದಾಣದ ಫೋಟೋ ನೋಡಿದವರಿಗೆ ಈ ನೋವು ಅರ್ಥವಾಗುವುದು ಕಷ್ಟ.

ಪ್ರಶ್ನೆ: ಮಗಳ ಬಾಣಂತನಕ್ಕೆ ಸಿಂಗಪುರಕ್ಕೆ ಹೊರಟಿದ್ದೇವೆ. ಯಜಮಾನರಿಗೆ ಎಲೆ ಅಡಿಕೆ ಇಲ್ಲದೆ ಆಗದು, ಜೊತೆಗೆ ನಶ್ಯದ ಚಟವೂ ಇದೆ. ಚೂಯಿಂಗ್ ಗಮ್ಮಿಗೇ ಅಲ್ಲಿ ಜೈಲಂತೆ, ನಿಜವೇ?
— ತೀರ್ಥಹಳ್ಳಿಯ ಓದುಗರು

ಉತ್ತರ: ಅಗಿಯುವುದಕ್ಕೆ ಜೈಲಿಲ್ಲ; 1992ರಿಂದ ಗಮ್ಮನ್ನು ದೇಶದೊಳಗೆ ತರುವುದಕ್ಕೂ ಮಾರುವುದಕ್ಕೂ ನಿಷೇಧವಿದೆ. ನಿಮ್ಮ ಯಜಮಾನರು ಹೆದರಬೇಕಾದದ್ದು ಬೇರೆಯದಕ್ಕೆ. ಗುಟ್ಕಾ, ಖೈನಿ, ಜರ್ದಾಗಳ ಜೊತೆಗೆ ಮೂಗಿಗೇರಿಸುವ ನಶ್ಯವೂ 2016ರ ಆಗಸ್ಟಿನಿಂದ ಅಲ್ಲಿ ನಿಷಿದ್ಧ. ಎಲೆ, ಅಡಿಕೆ ಲಿಟ್ಲ್ ಇಂಡಿಯಾದ ಅಂಗಡಿಗಳಲ್ಲೇ ಸಿಗುತ್ತವೆ, ಊರಿನಿಂದ ಹೊರುವ ಅಗತ್ಯವಿಲ್ಲ. ಆದರೆ ಉಗುಳುವುದು ಮನೆಯ ಬಚ್ಚಲಿನಲ್ಲಿ ಮಾತ್ರ. ಮಗಳಿಗೆ ಎರಡು ಸಂಗತಿ ನೆನಪಿಸಿ: ಅಲ್ಲಿ ಹುಟ್ಟಿದ ಮಾತ್ರಕ್ಕೆ ಮಗುವಿಗೆ ಆ ದೇಶದ ಪೌರತ್ವ ಬರುವುದಿಲ್ಲ, ನಲವತ್ತೆರಡು ದಿನಗಳೊಳಗೆ ಮಗುವಿಗೂ ಪಾಸಿನ ವ್ಯವಸ್ಥೆ ಆಗಬೇಕು, ಮತ್ತು ಭಾರತದ ಹೈಕಮಿಷನ್ನಿನಲ್ಲಿ ಒಂದು ವರ್ಷದೊಳಗೆ ಜನನ ನೋಂದಣಿ ಮಾಡಿಸಬೇಕು.

ಪ್ರಶ್ನೆ: ನಮ್ಮ ಮಗಳಿಗೆ ಮುಂದಿನ ವರ್ಷ ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಒಂದನೆಯ ತರಗತಿಗೆ ಸ್ಥಾನ ಸಿಕ್ಕಿದೆ. ದ್ವಿತೀಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿಲ್ಲ. ತಮಿಳು ಆರಿಸಬೇಕೋ, ಹಿಂದಿಯೋ ತಿಳಿಯದಾಗಿದೆ.
— ಧಾರವಾಡ ಮೂಲದ ದಂಪತಿ, ಸಿಂಗಪುರ

ಉತ್ತರ: ವಿದೇಶಿಯರ ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲು ತೆರೆಯುವುದು ಉಳಿದವರೆಲ್ಲ ಸೇರಿದ ಮೇಲೆ, ಕೊನೆಯ ಹಂತದಲ್ಲಿ, ಸ್ಥಾನ ಸಿಕ್ಕಿದ್ದಕ್ಕೆ ಮೊದಲು ಅಭಿನಂದನೆ. ಮಾತೃಭಾಷೆ ಎಂಬ ಹೆಸರಿನಲ್ಲಿ ಅಲ್ಲಿ ಚೀನೀ, ಮಲಯ ಮತ್ತು ತಮಿಳನ್ನು ಕಲಿಸುತ್ತಾರೆ. ತಮಿಳರಲ್ಲದ ಭಾರತೀಯ ಮಕ್ಕಳಿಗೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಎಂಬ ಐದು ಭಾಷೆಗಳ ಅವಕಾಶವಿದೆ. ಆ ಐದರಲ್ಲಿ ಕನ್ನಡವಿಲ್ಲ, ತೆಲುಗು, ಮಲಯಾಳಗಳೂ ಇಲ್ಲ.

ನಮ್ಮವರಲ್ಲಿ ಬಹುಪಾಲು ಮಂದಿ ಹಿಂದಿಗೆ ಹೋಗುತ್ತಾರೆ, ಮುಂದೆಲ್ಲಾದರೂ ಉಪಯೋಗಕ್ಕೆ ಬರುತ್ತದೆ ಎಂಬ ಎಣಿಕೆಯಿಂದ. ನಾನು ತಮಿಳಿನ ಪರ. ಹಿಂದಿ ಅಲ್ಲಿ ತರಗತಿಯಲ್ಲೇ ಹುಟ್ಟಿ ತರಗತಿಯಲ್ಲೇ ಮುಗಿಯುವ ಭಾಷೆ. ತಮಿಳು ರೈಲು ನಿಲ್ದಾಣದ ಫಲಕದಲ್ಲಿ, ಟೆಕ್ಕಾ ಮಾರುಕಟ್ಟೆಯ ತರಕಾರಿ ಅಂಗಡಿಯಲ್ಲಿ, 1827ರಷ್ಟು ಹಳೆಯ ಮಾರಿಯಮ್ಮನ ಗುಡಿಯಲ್ಲಿ ಮಗುವಿಗೆ ಎದುರಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ತಮಿಳು ಕಲಿಯುವ ಕನ್ನಡದ ಮಗು ತನ್ನ ಭಾಷೆಯಿಂದ ಬಹುದೂರ ಹೋಗುವುದಿಲ್ಲ. ನಮ್ಮ ಹಾಲು ಅವರಿಗೆ ಪಾಲ್, ನಮ್ಮ ಹೂವು ಅವರಿಗೆ ಪೂ. ಹಳಗನ್ನಡದಲ್ಲಿ ನಮಗೂ ಅದು ಪಾಲ್, ಪೂ ಆಗಿಯೇ ಇತ್ತು. ನನ್ನ ಮಗ ಎರಡನೆಯ ತರಗತಿಯಲ್ಲಿದ್ದಾಗ ಪಕಾರಕ್ಕೆ ಹಕಾರ ಹಾಕಿದರೆ ಕನ್ನಡವಾಗುತ್ತದೆ ಎಂದು ತಾನೇ ಕಂಡುಹಿಡಿದು, ಒಂದು ವಾರ ಊಟಕ್ಕೆ ಕುಳಿತಾಗಲೆಲ್ಲ ಹಪ್ಪಳವನ್ನು ಪಪ್ಪಳ ಎನ್ನುತ್ತಿದ್ದ.

ಕನ್ನಡವನ್ನು ಮಾತ್ರ ಶಾಲೆಗೆ ಬಿಡಲಾಗದು, ಅದು ನಿಮ್ಮ ಮನೆಯ ಕೆಲಸ. ಮಾತು ಬರುತ್ತದೆ, ಸಾಕು ಎಂದು ಅಕ್ಷರವನ್ನು ಮುಂದೂಡಬೇಡಿ. ನಾಲ್ಕೈದು ವರ್ಷದಲ್ಲಿ ಊರಿಗೆ ಮರಳಿದರೆ 2015ರ ಕನ್ನಡ ಭಾಷಾ ಕಲಿಕೆ ಕಾಯಿದೆಯಂತೆ ಕರ್ನಾಟಕದ ಶಾಲೆಯಲ್ಲಿ, ಪಠ್ಯಕ್ರಮ ಯಾವುದೇ ಇರಲಿ, ಕನ್ನಡ ಕಲಿಯಲೇಬೇಕು. ಆಗ ಐದನೆಯ ತರಗತಿಯ ಮಗುವನ್ನು ಅ ಆ ಇ ಈ ಮುಂದೆ ಕೂರಿಸಿದರೆ ಅದಕ್ಕೆ ಅವಮಾನವಾಗುತ್ತದೆ. ಸಿಂಗಪುರದ ಕನ್ನಡ ಸಂಘವನ್ನು ಸಂಪರ್ಕಿಸಿ, ಅಲ್ಲಿ ಮಗಳಿಗೆ ಕನ್ನಡದಲ್ಲಿ ಜಗಳವಾಡಲು ಗೆಳತಿಯರು ಸಿಗುತ್ತಾರೆ.

ಪ್ರಶ್ನೆ: ಹತ್ತು ವರ್ಷಗಳಿಂದ ಇಲ್ಲಿದ್ದೇನೆ. ಗೆಳೆಯರೆಲ್ಲ ಕಾಯಂ ನಿವಾಸಕ್ಕೆ, ಅಂದರೆ ಪಿ.ಆರ್.ಗೆ ಅರ್ಜಿ ಹಾಕುತ್ತಿದ್ದಾರೆ. ಹನ್ನೆರಡು ವರ್ಷದ ಮಗನಿದ್ದಾನೆ. ಸೇನೆಯ ವಿಷಯ ಕೇಳಿ ಹೆದರಿಕೆಯಾಗಿದೆ.
— ಬಳ್ಳಾರಿ ಮೂಲದ ಓದುಗರು, ಸಿಂಗಪುರ

ಉತ್ತರ: ಪಿ.ಆರ್. ಸಿಕ್ಕರೆ ಕೆಲಸ ಬದಲಿಸಲು ಪಾಸಿನ ಹಂಗಿಲ್ಲ, ಭವಿಷ್ಯನಿಧಿ ಸೇರುತ್ತದೆ, ಮೂರು ವರ್ಷದ ಬಳಿಕ ಹಳೆಯ ಎಚ್‌ಡಿಬಿ ಮನೆ ಕೊಳ್ಳಬಹುದು. ವಿದೇಶಿಯಾಗಿ ಖಾಸಗಿ ಮನೆ ಕೊಳ್ಳಲು ಹೊರಟರೆ 2023ರ ಏಪ್ರಿಲಿನಿಂದ ಬೆಲೆಯ ಮೇಲೆ ಶೇ. 60 ಹೆಚ್ಚುವರಿ ಸುಂಕವಿದೆ. ಮೊದಲ ತಲೆಮಾರಿನ ನಿಮಗೆ ಸೇನಾಸೇವೆ ಇಲ್ಲ. ನಿಮ್ಮ ಮೂಲಕ ಪಿ.ಆರ್. ಪಡೆಯುವ ಮಗನಿಗೆ ಇದೆ: ಹದಿನಾರೂವರೆಗೆ ನೋಂದಣಿ, ಹದಿನೆಂಟರ ನಂತರ ಎರಡು ವರ್ಷ ಪೂರ್ಣಾವಧಿ, ಆಮೇಲೆ ವರ್ಷಗಟ್ಟಲೆ ಮೀಸಲು ಪಡೆಯ ಕರೆ. ಹದಿಮೂರು ದಾಟಿದ ಮೇಲೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಹೊರದೇಶದಲ್ಲಿರಲೂ ಅನುಮತಿ ಬೇಕು.

ಹದಿನೇಳಕ್ಕೆ ಪಿ.ಆರ್. ಬಿಟ್ಟುಕೊಟ್ಟು ಮಗನನ್ನು ಬೆಂಗಳೂರಿನ ಕಾಲೇಜಿಗೆ ಸೇರಿಸಿದರಾಯಿತು ಎಂಬ ಸಲಹೆ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿಮಗೆ ಬಂದೇ ಇರುತ್ತದೆ. ಹಾಗೆ ಮಾಡಿದವರು ಮುಂದೆ ಅಲ್ಲಿ ಓದಲು ಅಥವಾ ದುಡಿಯಲು ಅರ್ಜಿ ಹಾಕಿದಾಗ ಆ ದಾಖಲೆ ಅಡ್ಡ ಬರುತ್ತದೆ, ತಂದೆತಾಯಿಯ ಪಿ.ಆರ್. ನವೀಕರಣಕ್ಕೂ ತೊಡಕಾಗಬಹುದು. ನನಗೆ ಆ ಸಲಹೆಯೇ ಹಿಡಿಸುವುದಿಲ್ಲ. ಆ ದೇಶದ ಗಂಡುಮಕ್ಕಳೆಲ್ಲ ಎರಡು ವರ್ಷ ಕೊಡುತ್ತಾರೆ. ಮನೆಯ ಸೌಲಭ್ಯ ಪಡೆದು ಆ ಎರಡು ವರ್ಷ ತಪ್ಪಿಸಿಕೊಂಡವರ ಕಥೆಯೇ ಅಲ್ಲಿನವರು ನಮ್ಮ ಮೇಲೆ ಮುನಿಯಲು ಒಂದು ಕಾರಣ. ಮಗ ಒಪ್ಪಿದರೆ ಮೂವರೂ ಅರ್ಜಿ ಹಾಕಿ. ಒಪ್ಪದಿದ್ದರೆ ಪಾಸಿನ ಮೇಲೆಯೇ ಇರಿ. ಹನ್ನೆರಡು ವರ್ಷದವನಿಗೆ ಏನು ತಿಳಿಯುತ್ತದೆ ಎನ್ನಬೇಡಿ, ಕೇಳಿ ನೋಡಿ.

ಪ್ರಶ್ನೆ: ನಮ್ಮ ಕಂಪನಿಯಲ್ಲಿ ಕಡಿತ ನಡೆದು ನನ್ನ ಹೆಸರೂ ಬಂದಿದೆ. ಈ ತಿಂಗಳ ಕೊನೆಯ ದಿನವೇ ಕೊನೆ. ಇಬ್ಬರು ಮಕ್ಕಳು ಸಿಬಿಎಸ್‌ಇ ಶಾಲೆಯಲ್ಲಿದ್ದಾರೆ. ಪತ್ನಿಗೆ ಇನ್ನೂ ಹೇಳಿಲ್ಲ. ಏನು ಮೊದಲು ಮಾಡಲಿ?
— ಹುಬ್ಬಳ್ಳಿ ಮೂಲದ ಓದುಗರು, ಸಿಂಗಪುರ

ಉತ್ತರ: ಪತ್ನಿಗೆ ಹೇಳುವುದು ಮೊದಲು, ಈ ಸಂಚಿಕೆ ಕೈಸೇರುವ ದಿನವೇ. ಉಳಿದ ಕೆಲಸಗಳಿಗೆ ನಾಲ್ಕು ಕೈ ಬೇಕು.

ಪಾಸು ರದ್ದಾದ ದಿನದಿಂದ ನಿಮಗೂ ನಿಮ್ಮ ಮೇಲೆ ಅವಲಂಬಿತರಾದವರಿಗೂ ಉಳಿಯುವುದು ಸಾಮಾನ್ಯವಾಗಿ ಮೂವತ್ತು ದಿನ. ಆದ್ದರಿಂದ ಕಂಪನಿಯವರೊಡನೆ ಹಣದ ಮಾತಿಗೆ ಮುನ್ನ ದಿನಾಂಕದ ಮಾತಾಡಿ. ಪರಿಹಾರದ ಒಂದು ಪಾಲನ್ನು ಬಿಟ್ಟಾದರೂ ಕೊನೆಯ ದಿನವನ್ನು ಒಂದು ತಿಂಗಳು ಮುಂದೆ ಹಾಕಿಸಿಕೊಳ್ಳಲು ಸಾಧ್ಯವೇ ಎಂದು ಕೇಳಿ. ಪರಿಹಾರ ಕೊಡಲೇಬೇಕೆಂಬ ಕಾನೂನಿಲ್ಲ, ಆದರೆ ಎರಡು ವರ್ಷ ದುಡಿದವರಿಗೆ ಪ್ರತಿ ವರ್ಷಕ್ಕೆ ಎರಡು ವಾರದಿಂದ ಒಂದು ತಿಂಗಳ ಸಂಬಳ ಕೊಡುವ ರೂಢಿಯಿದೆ. ಇದಕ್ಕಿಂತ ಅನಿರೀಕ್ಷಿತವಾದ ಪೆಟ್ಟು ತೆರಿಗೆಯದು. ವಿದೇಶಿ ನೌಕರ ಕೆಲಸ ಬಿಡುವಾಗ ಮಾಲೀಕರು ಒಂದು ತಿಂಗಳು ಮುಂಚೆ ತೆರಿಗೆ ಇಲಾಖೆಗೆ ತಿಳಿಸಿ, ತೆರಿಗೆ ತೀರುವವರೆಗೆ ಅವನಿಗೆ ಕೊಡಬೇಕಾದ ಹಣವನ್ನೆಲ್ಲ ತಡೆಹಿಡಿಯಬೇಕು. ಅಂದರೆ ಈ ತಿಂಗಳ ಸಂಬಳ ಈ ತಿಂಗಳು ಕೈಗೆ ಬರಲಾರದು. ಕಂಪನಿಯ ಷೇರಿನ ಆಯ್ಕೆಗಳಿದ್ದರೆ, ನೀವು ಬಳಸದಿದ್ದರೂ ಬಳಸಿದಂತೆಯೇ ಎಣಿಸಿ ತೆರಿಗೆ ಹಾಕಬಹುದು. ಮನೆಯಲ್ಲಿ ಎಷ್ಟು ನಗದಿದೆ ಎಂದು ಇಂದೇ ನೋಡಿಕೊಳ್ಳಿ.

ಬಾಡಿಗೆಯ ಕರಾರು ತೆಗೆದು 'ಡಿಪ್ಲೊಮ್ಯಾಟಿಕ್ ಕ್ಲಾಜ್' ಎಂಬ ಸಾಲು ಇದೆಯೇ ನೋಡಿ. ಹೆಸರು ರಾಯಭಾರಿಗಳದಾದರೂ ಉಪಯೋಗ ನಮ್ಮಂಥವರಿಗೇ: ಕೆಲಸ ಹೋಗಿ ದೇಶ ಬಿಡಬೇಕಾದಾಗ, ಸಾಮಾನ್ಯವಾಗಿ ಮೊದಲ ವರ್ಷ ಕಳೆದ ಮೇಲೆ, ಎರಡು ತಿಂಗಳ ಸೂಚನೆ ಕೊಟ್ಟು ಕರಾರಿನಿಂದ ಹೊರಬರಲು ಅದು ಅವಕಾಶ ಕೊಡುತ್ತದೆ. ಶಾಲೆಗೂ ಮುಂಚಿತ ಸೂಚನೆ ಬೇಕು, ಇಲ್ಲವಾದರೆ ಮುಂದಿನ ಅವಧಿಯ ಶುಲ್ಕ ಕೇಳುತ್ತಾರೆ. ಕಂಪನಿಯ ಆರೋಗ್ಯ ವಿಮೆ ಕೊನೆಯ ದಿನಕ್ಕೇ ಮುಗಿಯುತ್ತದೆ. ಹಲ್ಲು, ಕಣ್ಣು, ಮಕ್ಕಳ ಚುಚ್ಚುಮದ್ದು ಏನಿದ್ದರೂ ಅದರೊಳಗೆ ಮುಗಿಸಿ.

ಹೊಸ ಕೆಲಸವನ್ನು ಖಂಡಿತ ಹುಡುಕಿ, ಆದರೆ ಮೂವತ್ತು ದಿನವನ್ನೂ ಅದೊಂದರ ಮೇಲೆ ಪಣಕ್ಕಿಡಬೇಡಿ. ಹತ್ತನೆಯ ದಿನದ ಹೊತ್ತಿಗೆ ಕೊನೆಯ ಸುತ್ತಿನ ಸಂದರ್ಶನ ಯಾವುದೂ ಇಲ್ಲದಿದ್ದರೆ ಪತ್ನಿ, ಮಕ್ಕಳನ್ನು ಶಾಲೆಯ ವರ್ಷಕ್ಕೆ ಸರಿಯಾಗಿ ಊರಿಗೆ ಕಳುಹಿಸಿ ನೀವು ಉಳಿದು ಹುಡುಕುವುದು ಜಾಣತನ. ನನ್ನ ಪಕ್ಕದ ಮನೆಯವರೊಬ್ಬರು ಕೊನೆಯ ವಾರದವರೆಗೆ ಮಕ್ಕಳಿಗೂ ತಿಳಿಸದೆ, ದಿನವೂ ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟು, ಮಧ್ಯಾಹ್ನದವರೆಗೆ ತಿನಿಸಿನ ಅಂಗಡಿಗಳು ಒಟ್ಟಿಗಿರುವ ಹಾಕರ್ ಕೇಂದ್ರದಲ್ಲಿ ಒಂದು ಲೋಟ 'ತೆಹ್ ಓ', ಅಂದರೆ ಹಾಲಿಲ್ಲದ ಚಹಾ, ಮುಂದಿಟ್ಟುಕೊಂಡು ಕುಳಿತಿರುತ್ತಿದ್ದರು. ಅವರ ಸೋಫಾ, ಸೈಕಲ್ಲು, ಮಿಕ್ಸಿ ಎಲ್ಲವೂ ಕೊನೆಗೆ ಎರಡೇ ದಿನದಲ್ಲಿ ಕಾಲು ಬೆಲೆಗೆ ಹೋದವು. ಆ ಮಿಕ್ಸಿ ಇಂದಿಗೂ ನಮ್ಮ ಮನೆಯಲ್ಲಿದೆ, ಕೊಂಡದ್ದಕ್ಕೆ ಇಂದಿಗೂ ಸಂಕೋಚವಾಗುತ್ತದೆ.

ಪ್ರಶ್ನೆ: ನನಗೆ ಎಪ್ಪತ್ತನಾಲ್ಕು. ಪತ್ನಿ ತೀರಿಕೊಂಡು ಎರಡು ವರ್ಷವಾಯಿತು. ಸಾಗರದ ಹತ್ತಿರ ಎರಡೆಕರೆ ಅಡಿಕೆ ತೋಟವಿದೆ. ಸಿಂಗಪುರದಲ್ಲಿರುವ ಮಗ ಬಂದು ತನ್ನ ಜೊತೆ ಇದ್ದುಬಿಡು ಎನ್ನುತ್ತಾನೆ. ಹೋಗಿ ಇರಬಹುದೇ?
— ಸಾಗರ ತಾಲ್ಲೂಕಿನ ಓದುಗರು

ಉತ್ತರ: ಇದ್ದುಬಿಡುವುದು ತಮ್ಮ ಮಗನ ಕೈಯಲ್ಲಿಲ್ಲ, ಅವರ ಸಂಬಳದ ಕೈಯಲ್ಲಿದೆ. ತಂದೆತಾಯಿಯನ್ನು ದೀರ್ಘಾವಧಿಗೆ ಇರಿಸಿಕೊಳ್ಳಬೇಕಾದರೆ ಮಗನ ಸಂಬಳ ತಿಂಗಳಿಗೆ ಕನಿಷ್ಠ 12,000 ಡಾಲರ್ ಇರಬೇಕೆಂಬ ನಿಯಮವಿದೆ. ಹೆಂಡತಿ, ಮಕ್ಕಳಿಗಾದರೆ 6,000 ಸಾಕು. ಅಷ್ಟು ಸಂಬಳವಿಲ್ಲದಿದ್ದರೆ ಸಂದರ್ಶಕರಾಗಿ ಹೋಗಬಹುದು. ಒಮ್ಮೆಗೆ ಸಾಮಾನ್ಯವಾಗಿ ಮೂವತ್ತು ದಿನ ಕೊಡುತ್ತಾರೆ. ಆಸ್ಪತ್ರೆಯ ಖರ್ಚು ಹೊರದೇಶದವರಿಗೆ ಪೂರ್ತಿ ಬೀಳುವುದರಿಂದ ಪ್ರಯಾಣ ವಿಮೆಯಿಲ್ಲದೆ ಹೊರಡಬೇಡಿ.

ನನ್ನ ತಂದೆಯವರೂ ಒಮ್ಮೆ ಬಂದಿದ್ದರು. ಹದಿನಾಲ್ಕನೆಯ ಮಹಡಿಯ ಮನೆಯಲ್ಲಿ ಮೊದಲ ವಾರ ಕಿಟಕಿಯ ಹತ್ತಿರವೂ ಹೋಗಲಿಲ್ಲ. ಎರಡನೆಯ ವಾರ ಧೈರ್ಯ ಮಾಡಿ ಲಿಫ್ಟಿನಲ್ಲಿ ಇಳಿದು, ಕಟ್ಟಡದ ಕೆಳಗೆ ಕಂಬಗಳ ನಡುವೆ ಖಾಲಿ ಬಿಟ್ಟಿರುವ ಜಾಗದ ಕಲ್ಲುಬೆಂಚಿನಲ್ಲಿ ಕುಳಿತರು. ಅಲ್ಲಿಗೆ ಬೆಳಗ್ಗೆ ಏಳೂವರೆಗೆ ಚೀನೀ ಮುದುಕರೊಬ್ಬರು ಬಿದಿರಿನ ಪಂಜರದಲ್ಲಿ ಹಾಡುವ ಹಕ್ಕಿಯನ್ನು ತಂದು ಕೊಕ್ಕೆಗೆ ತೂಗುಹಾಕುತ್ತಿದ್ದರು. ಅವರಿಗೆ ಇಂಗ್ಲಿಷ್ ಬಾರದು, ನಮ್ಮ ತಂದೆಗೂ ಬಾರದು. ಇಬ್ಬರೂ ಹಕ್ಕಿಯ ಕಡೆಗೆ ಮುಖ ಮಾಡಿ ಗಂಟೆಗಟ್ಟಲೆ ಕುಳಿತಿರುತ್ತಿದ್ದರು. ಇವರು ಕನ್ನಡದಲ್ಲಿ ಏನೋ ಹೇಳುವರು, ಅವರು ತಮ್ಮ ಭಾಷೆಯಲ್ಲಿ ಹೂಂಗುಟ್ಟುವರು. ತಂದೆಯವರು ಊರಿಗೆ ಹೊರಟ ಮರುದಿನ ಆಫೀಸಿಗೆ ಹೋಗುವಾಗ ಆ ಮುದುಕರು ನನ್ನನ್ನು ತಡೆದು, ಬೆಂಚಿನ ಖಾಲಿ ಜಾಗವನ್ನು ತೋರಿಸಿ, ಕೈ ತಿರುಗಿಸಿ ಎಲ್ಲಿ ಎಂದು ಕೇಳಿದರು. ಆದರೆ ಊರಿನಲ್ಲಿ ತಂದೆಯವರನ್ನು ಕೇಳಿದವರಿಗೆ ಅವರು ಕೊಟ್ಟ ಉತ್ತರ, ಅಲ್ಲಿ ಮಣ್ಣು ಮುಟ್ಟದೆ ಇಪ್ಪತ್ತೊಂಬತ್ತು ದಿನ ಕಳೆದೆ ಎಂದು.

ಆದ್ದರಿಂದ ತೋಟವನ್ನು ಮಾರಿ ಹೊರಡಬೇಡಿ, ಯಾರಿಗೂ ದೀರ್ಘ ಗೇಣಿಗೆ ಒಪ್ಪಿಸಲೂ ಬೇಡಿ. ಅಡಿಕೆ ಕೊಯ್ಲು ಮುಗಿದ ಮೇಲೆ ಫೆಬ್ರುವರಿಯಲ್ಲಿ ಒಂದು ತಿಂಗಳಿಗೆಂದು, ಮರಳುವ ಟಿಕೇಟನ್ನೂ ಮಾಡಿಸಿಕೊಂಡು ಹೋಗಿ ಬನ್ನಿ; ವರ್ಷದ ಕೊನೆಯ ಜೋರುಮಳೆ ಅಲ್ಲಿ ಆಗ ತಗ್ಗಿರುತ್ತದೆ. ಸೆರಂಗೂನ್ ರಸ್ತೆಯಲ್ಲಿ ಬೆಂಗಳೂರಿನ ಎಂ.ಟಿ.ಆರ್. ಇದೆ, ಒಂದು ಭಾನುವಾರ ಮಗನೊಡನೆ ಹೋಗಿ ರವೆ ಇಡ್ಲಿ ತಿನ್ನಿ. ಎಲೆ ಅಡಿಕೆಯ ಅಭ್ಯಾಸವಿದ್ದರೆ ತೀರ್ಥಹಳ್ಳಿಯವರಿಗೆ ಮೇಲೆ ಬರೆದ ಉತ್ತರವೇ ತಮಗೂ; ನಶ್ಯದ ಡಬ್ಬಿ ಇದ್ದರೆ ಅದು ಸಾಗರದಲ್ಲೇ ಇರಲಿ.